ಕೆಂಚಿಗೂ ಒಂದು ಮಡಿ ಇತ್ತು

ನಾಯಿಮರಿಗೆ ಉಚ್ಚೆಯ ಜಾಗ ಕಲಿಸಿದ ಈ ಕಥೆಯನ್ನು ಮೊದಲ ರಾತ್ರಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ, ಮುಂದಿನ ಹತ್ತು ದಿನದ ಪಾಡೆಲ್ಲ ಅದರಿಂದಲೇ ಬಂತು. ಕ್ರೇಟೆಂದರೆ ನಾಯಿ ಮಲಗುವ ತಂತಿಯ ಗೂಡು, ಪ್ಯಾಡೆಂದರೆ ಉಚ್ಚೆ ಹೀರುವ ಹಾಸು. ಕ್ರೇಟಿನೊಳಗೇ ಪ್ಯಾಡ್ ಹಾಸಿ ಅದರ ಮೇಲೆ ಕುನ್ನಿಯನ್ನು ಮಲಗಿಸಿದೆ. ರಾತ್ರಿ ಉಚ್ಚೆ ಬಂದರೆ ಅಲ್ಲೇ ಮಾಡಿಕೊಳ್ಳಲಿ, ಬೆಳಿಗ್ಗೆ ತೆಗೆದು ಎಸೆದರಾಯಿತು ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ನೋಡಿದರೆ ಪ್ಯಾಡು ಚಿಂದಿಚಿಂದಿ. ಒಳಗಿನ ಹತ್ತಿಯೆಲ್ಲ ಉಂಡೆಗಟ್ಟಿ ಚೆಲ್ಲಿತ್ತು. ಕುನ್ನಿ ತನ್ನ ಉಚ್ಚೆಯಲ್ಲೇ ಹೊಟ್ಟೆ ನೆನೆಸಿಕೊಂಡು ಮೂಲೆಗೆ ಮುದುಡಿ ಕೂತಿತ್ತು. ಅದರ ಮುಖ ನೋಡಿ ನನಗೆ ಕರುಳು ಚುರುಕ್ ಎಂದಿತು.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹಂಚಿನ ಮನೆ. ಮುಂದೆ ಪಡಸಾಲೆ, ಹಿಂದೆ ಹಿತ್ತಲು, ನೆಲಕ್ಕೆ ಶಹಾಬಾದ್ ಕಲ್ಲಿನ ಫರ್ಸಿ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಯಜಮಾನರ ನೌಕರಿ ಹುಬ್ಬಳ್ಳಿಯಲ್ಲಿ, ಬೆಳಿಗ್ಗೆ ಚಿಗರಿ ಬಸ್ಸು ಹತ್ತಿದರೆ ಬರುವುದು ಸಂಜೆಯೇ. ಮನೆಯಲ್ಲಿ ಅತ್ತೆ ಮತ್ತು ಎಂಟನೇ ಇಯತ್ತೆಯ ಮಗ. ಕುನ್ನಿ ಬೇಕೆಂದು ಎರಡು ವರ್ಷ ಕಾಡಿದವನು ಅವನು, ತರುವುದಾದರೆ ಏಪ್ರಿಲ್ ರಜೆಯಲ್ಲೇ ತರೋಣ ಎಂದವಳು ನಾನು. ಮೊದಲ ಐದಾರು ವಾರ ಒಬ್ಬರಾದರೂ ಇಡೀ ದಿನ ಮನೆಯಲ್ಲಿರಬೇಕು, ಇಲ್ಲದಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಹಾಗೆ ಬಂದವಳು ಕೆಂಚಿ, 9 ವಾರದ ಡ್ಯಾಶ್‌ಹೌಂಡ್, ಕೆಂಪು ಮೈ, ಗೇಣುದ್ದದ ಕಾಲೂ ಇಲ್ಲ.

ಅತ್ತೆ ಕ್ರೇಟ್ ನೋಡಿದ ಕೂಡಲೇ ಸಿಟ್ಟಾದರು. "ಸಣ್ಣ ಕೂಸನ್ನ ಪಂಜರದಾಗ ಹಾಕ್ತೀಯೇನ? ಅದೇನ್ ಹುಲೀನ?" ಇನ್ನೊಂದು ಕಡೆ ಅವರದೇ ಆತಂಕ, ದೇವರ ಮನೆಯ ಹೊಸ್ತಿಲವರೆಗೆ ನಾಯಿ ಬಂದರೆ ಮಡಿ ಮೈಲಿಗೆ ಏನಾಗಬೇಕು ಎಂದು. ಎರಡೂ ನ್ಯಾಯದ ಮಾತೇ, ನಾನು ಎದುರಾಡಲಿಲ್ಲ.

ಮೊದಲ ಲಸಿಕೆಗೆ ಹೋದಾಗ ಪಶುವೈದ್ಯರು ಎರಡು ಮಾತು ಹೇಳಿದರು. ಲಸಿಕೆಯ ಸರತಿ 16 ವಾರದ ಹೊತ್ತಿಗೆ ಮುಗಿಯುತ್ತದೆ, ಅಲ್ಲಿಯವರೆಗೆ ಬೀದಿಯ ನೆಲಕ್ಕೆ ಇಳಿಸಬೇಡಿ, ಪಾರ್ವೋ ಎಂಬ ಅಂಟುರೋಗ ಹತ್ತಿದರೆ ಮರಿ ಉಳಿಯುವುದು ಕಷ್ಟ. ನಮ್ಮ ಹಿತ್ತಲಿಗೂ ಓಣಿಯ ನಾಯಿಗಳು ಬಂದು ಹೋಗುತ್ತವೆ, ಅಂದಮೇಲೆ ಹಿತ್ತಲೂ ಇಲ್ಲ, ಪ್ಯಾಡೇ ಗತಿ. ಎರಡನೆಯ ಮಾತು ನಾನು ಮೊದಲ ರಾತ್ರಿಯ ಕಥೆ ಹೇಳಿದ ಮೇಲೆ ಬಂತು: "ಮಲಗೋ ಜಾಗದಾಗ ಉಚ್ಚಿಗೆ ಹಾಸಿದ್ರ ಅದು ಎಲ್ಲಿ ಮಲಗಬೇಕ್ರಿ?"

ತಾಯಿಯ ಹತ್ತಿರ ಇರುವಾಗ ಮೂರು ವಾರದ ಮರಿ ಕೂಡ ತೆವಳುತ್ತ ಹಾಸಿಗೆಯಿಂದ ಆಚೆ ಹೋಗಿ ಉಚ್ಚೆ ಮಾಡಲು ನೋಡುತ್ತದೆ. ಮಲಗುವ ಜಾಗ ಚೊಕ್ಕಟವಿರಬೇಕೆಂಬುದು ಅದಕ್ಕೆ ಯಾರೂ ಕಲಿಸದೆ ಬಂದದ್ದು. ಕ್ರೇಟು ಇರುವುದೇ ಈ ಬುದ್ಧಿಯನ್ನು ಕಾಯ್ದುಕೊಳ್ಳಲು. ನಾನು ಅದೇ ಬುದ್ಧಿಯ ಮೇಲೆ ಪ್ಯಾಡ್ ಹಾಸಿ ಅಳಿಸಲು ಹೊರಟಿದ್ದೆ.

ಆ ದಿನವೇ ಕ್ರೇಟನ್ನು ಮತ್ತೆ ಸಜ್ಜು ಮಾಡಿದೆ. ಹುಬ್ಬಳ್ಳಿಯಲ್ಲಿ ಕೊಂಡ 30 ಇಂಚಿನ ತಂತಿಯ ಕ್ರೇಟು, ಬೆಳೆದ ಮೇಲೂ ಆಗಲಿ ಎಂದು ದೊಡ್ಡದೇ ತಂದಿದ್ದೆ. ಮರಿಗೆ ಅದು ದೊಡ್ಡ ಪಡಸಾಲೆ, ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯಲ್ಲಿ ಹೊಲಸು ಮಾಡಬಹುದು. ಬಡಿಗೇರರ ಹತ್ತಿರ ಪ್ಲೈವುಡ್ ತುಂಡು ಕೊಯ್ಸಿ ತಂದು ನಡುವೆ ಅಡ್ಡ ಕಟ್ಟಿದೆ. ಮರಿ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ ಜಾಗ. ಬೆಳೆದಂತೆ ಹಲಗೆ ಹಿಂದಕ್ಕೆ ಸರಿಸುತ್ತ ಹೋದೆ. ಕೆಳಗೆ ಅತ್ತೆಯ ಹಳೆಯ ಕೌದಿಯ ತುಂಡು, ಮೂರು ಬದಿ ಹೊರಗಿನಿಂದ ಇನ್ನೊಂದು ಕೌದಿ ಹೊದಿಸಿದರೆ ಒಳಗೆ ಗುಹೆಯ ಹಾಗೆ ಕತ್ತಲು ಕತ್ತಲು. ಬೇಸಿಗೆಯಾದ್ದರಿಂದ ಮಧ್ಯಾಹ್ನ ಹೊದಿಕೆ ತೆಗೆದು, ಗಾಳಿ ಬರುವ ಕಿಟಕಿಯ ಕಡೆ ಇಡುತ್ತಿದ್ದೆ.

ಕ್ರೇಟಿನ ಬಾಗಿಲು ಮೂರು ದಿನ ಮುಚ್ಚಲೇ ಇಲ್ಲ. ಊಟದ ತಾಟನ್ನು ಮೊದಲು ಬಾಗಿಲಲ್ಲಿ, ಆಮೇಲೆ ಒಳಗೆ, ಆಮೇಲೆ ಹಿಂದಿನ ತುದಿಗೆ ಸರಿಸಿದೆ. ನಾಲ್ಕನೆಯ ದಿನ ಉಣ್ಣುವಾಗ ಬಾಗಿಲು ಹಾಕಿ, ಉಂಡು ಮುಗಿಯುವ ಮೊದಲೇ ತೆಗೆದೆ. ಹಾಗೇ ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಸಿಟ್ಟಿನಲ್ಲಿ ಯಾರೂ ಅವಳನ್ನು ಒಳಗೆ ಹಾಕಬಾರದು ಎಂದು ಮನೆಮಂದಿಗೆಲ್ಲ ಖಡಕ್ಕಾಗಿ ಹೇಳಿದ್ದೆ. ಒಂದು ಮಧ್ಯಾಹ್ನ ಅವಳೇ ನಡೆದುಹೋಗಿ ಕೌದಿಯ ಮೇಲೆ ಮೂರು ಸುತ್ತು ಹಾಕಿ ಮಲಗಿದಳು. ಅತ್ತೆ ಬಹಳ ಹೊತ್ತು ನೋಡುತ್ತ ನಿಂತರು. "ಇದಕ್ಕೂ ತನ್ನ ಜಾಗದ್ದು ಮಡಿ ಐತಲ್ಲ ಬೇ," ಅಂದರು. ಪಂಜರ ಎಂಬ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಪ್ಯಾಡಿನ ಜಾಗಕ್ಕೆ ಬಚ್ಚಲ ಬಾಗಿಲ ಪಕ್ಕದ ಮೂಲೆ ಆರಿಸಿದೆ, ಕ್ರೇಟಿನಿಂದ ಹತ್ತು ಹೆಜ್ಜೆ ದೂರ. 60 ಸೆಂಟಿಮೀಟರ್ ಚೌಕದ ಪ್ಯಾಡು ಮರಿಗೆ ಸಾಕು ಅನಿಸಿದರೂ, ಡ್ಯಾಶ್‌ಹೌಂಡಿನ ಮೈ ಉದ್ದ. ಮುಂಗಾಲು ಪ್ಯಾಡಿನ ಮೇಲಿಟ್ಟು ತಾನು ಸರಿಯಾಗಿ ನಿಂತೆ ಅಂದುಕೊಳ್ಳುತ್ತದೆ, ಹಿಂದಿನದೆಲ್ಲ ಫರ್ಸಿಯ ಮೇಲೆ. ಮೊದಲ ವಾರಗಳಲ್ಲಿ ನಾಲ್ಕು ಪ್ಯಾಡ್ ಜೋಡಿಸಿ ದೊಡ್ಡ ಚೌಕ ಮಾಡಿ, ಗುರಿ ತಪ್ಪದೇ ಹೋಗತೊಡಗಿದ ಮೇಲೆ ಒಂದೊಂದೇ ಕಡಿಮೆ ಮಾಡಿದೆ. ಒದ್ದೆಯಾದದ್ದನ್ನು ತೆಗೆದು ಹೊಸದು ಹಾಕುವಾಗ ಹಳೆಯದರ ಸಣ್ಣ ತುಂಡನ್ನು ಅಡಿಯಲ್ಲಿ ಇಡುತ್ತಿದ್ದೆ. ವಾಸನೆ ಹಿಡಿದೇ ಅವಳು ಜಾಗ ಗುರುತಿಸುವುದು.

ಪ್ಯಾಡಿಗಿಂತ, ಕ್ರೇಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಮಗನ ಹಳೆಯ ನೋಟಬುಕ್ಕಿನ ಹಿಂದಿನ ಹಾಳೆಗಳು. ಎದ್ದದ್ದು, ಉಂಡದ್ದು, ನೀರು ಕುಡಿದದ್ದು, ಒಂದಕ್ಕೆ, ಎರಡಕ್ಕೆ, ಎಲ್ಲಿ ಅನ್ನುವುದನ್ನು ಗಂಟೆ ನಿಮಿಷ ಸಮೇತ ಬರೆದೆವು. ಐದು ದಿನಕ್ಕೆ ಚಿತ್ರ ಸ್ಪಷ್ಟವಾಯಿತು. ನಿದ್ದೆಯಿಂದ ಎದ್ದರೆ ಒಂದೆರಡು ನಿಮಿಷದೊಳಗೆ ಉಚ್ಚೆ. ಉಂಡ ಹತ್ತಿಪ್ಪತ್ತು ನಿಮಿಷಕ್ಕೆ ಎರಡಕ್ಕೆ. ಆಟ ಜೋರಾದರೆ ಅರ್ಧ ತಾಸಿಗೊಮ್ಮೆ, ಅದೂ ಓಡುತ್ತ ಓಡುತ್ತ ಒಮ್ಮೆಲೇ ನಿಂತು ನೆಲ ಮೂಸಿ ಗಿರಕಿ ಹೊಡೆದರೆ ಕೈಯಲ್ಲಿ ಉಳಿದಿರುವುದು ಮೂರು ಸೆಕೆಂಡು. ಎಲ್ಲಾ ಸೇರಿ ದಿನಕ್ಕೆ 12, 14 ಸಲ. ಸಣ್ಣ ತಳಿಯ ಮರಿಯ ಉಚ್ಚೆಚೀಲ ಅಷ್ಟೇ ಇರುತ್ತದೆ, ಅದಕ್ಕೆ ಬೈದರೆ ದೊಡ್ಡದಾಗುವುದಿಲ್ಲ. ಗೊತ್ತಾದ ಮೇಲೆ ಅವಳು ಹುಡುಕುವ ಮೊದಲೇ ನಾವೇ ಎತ್ತಿಕೊಂಡು ಹೋಗಿ ಪ್ಯಾಡಿನ ಮೇಲೆ ಬಿಟ್ಟೆವು. "ಸೂಸೂ" ಎಂಬ ಒಂದೇ ಮಾತು, ನಾಲ್ವರೂ ಅದನ್ನೇ ಹೇಳಬೇಕು. ಮುಗಿದ ತಕ್ಷಣ, ಅಲ್ಲೇ ನಿಂತು, ಕುದಿಸಿದ ತತ್ತಿಯ ಉಗುರಿನಷ್ಟು ತುಂಡು. ಅಡುಗೆಮನೆಗೆ ಹೋಗಿ ತಂದು ಕೊಟ್ಟರೆ ಅವಳ ಪಾಲಿಗೆ ಅದು ಅಡುಗೆಮನೆಗೆ ಹಿಂದೆ ಹಿಂದೆ ಬಂದದ್ದಕ್ಕೆ ಸಿಕ್ಕಿದ್ದು.

ಹಾಲು ರೊಟ್ಟಿ ಹಾಕುವ ರೂಢಿ ನಮ್ಮ ಕಡೆ ಇದೆ. ಅತ್ತೆ ಪ್ರೀತಿಯಿಂದ ಎರಡು ದಿನ ಹಾಕಿದರು, ಭೇದಿಯಾಗಿ ಬರೆದ ವೇಳಾಪಟ್ಟಿಯೆಲ್ಲ ತಲೆಕೆಳಗಾಯಿತು. ಹಾಲು ನಿಲ್ಲಿಸಿ, ದಿನಕ್ಕೆ ನಾಲ್ಕು ಹೊತ್ತು, ಅದೇ ಗಂಟೆಗೆ ಊಟ ಎಂದು ಮಾಡಿದ ಮೇಲೆ ಎರಡಕ್ಕೆ ಹೋಗುವ ಹೊತ್ತೂ ಹದಕ್ಕೆ ಬಂತು.

ರಾತ್ರಿ ಕ್ರೇಟು ನನ್ನ ಮಂಚದ ಪಕ್ಕದಲ್ಲೇ. ಅತ್ತರೆ ಬೆರಳು ಇಳಿಬಿಟ್ಟರೆ ಮೂಸಿ ಸುಮ್ಮನಾಗುತ್ತಿದ್ದಳು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ತಾಸು ತಡೆದುಕೊಳ್ಳಬಹುದು ಎಂಬ ಲೆಕ್ಕವಿದೆ, ಎರಡು ತಿಂಗಳದಾದರೆ ಮೂರು ತಾಸು. ಅದು ಮೇರೆ, ಅಲ್ಲಿಯವರೆಗೆ ಕಾಯಿಸಬೇಕೆಂದಲ್ಲ. ಮೊದಲು ಒಂದು ಗಂಟೆಗೆ, ನಾಲ್ಕು ಗಂಟೆಗೆ ಅಲಾರಂ ಇಟ್ಟು ಎದ್ದೆ. ದೀಪ ಹಾಕದೆ, ಮಾತಾಡದೆ ಪ್ಯಾಡಿಗೆ ಒಯ್ದು ಮತ್ತೆ ಮಲಗಿಸುವುದು. ಹನ್ನೆರಡನೇ ವಾರಕ್ಕೆ ಒಂದೇ ಸಲ, ಶಾಲೆ ಶುರುವಾಗುವ ಹೊತ್ತಿಗೆ ಬೆಳಗಿನ ಐದೂವರೆಯವರೆಗೆ ನಿದ್ದೆ.

ಇನ್ನು ಶಾವಿಗೆಯ ಕಥೆ. ಬೇಸಿಗೆಯೆಂದರೆ ನಮ್ಮಲ್ಲಿ ಶಾವಿಗೆ, ಸಂಡಿಗೆ, ಹಪ್ಪಳದ ಕಾಲ. ಅಂದು ಮೋಡ ಹಾಕಿತ್ತೆಂದು ಅತ್ತೆ ಮಾಳಿಗೆಗೆ ಹೋಗದೆ ಪಡಸಾಲೆಯಲ್ಲೇ ಬಿಳಿ ಧೋತ್ರ ಹಾಸಿ ಶಾವಿಗೆ ಹರವಿದ್ದರು. ನಾನು ಒಳಗೆ ಫೋನಿನಲ್ಲಿದ್ದೆ. ಕೆಂಚಿ ನೆಟ್ಟಗೆ ಹೋಗಿ ಧೋತ್ರದ ಅಂಚಿನ ಮೇಲೆ ಕೂತು, ಮುಗಿಸಿ, ತತ್ತಿ ಸಿಗುತ್ತದೆಂದು ಬಾಲ ಆಡಿಸುತ್ತ ಅತ್ತೆಯ ಮುಖ ನೋಡಿದಳು. ಒಂದು ಹರವಿನ ಶಾವಿಗೆ ಹೋಯಿತು. ಅತ್ತೆ ಅಂದು ಮಧ್ಯಾಹ್ನ ಉಣ್ಣಲಿಲ್ಲ. ನಾನು ಕ್ಷಮೆ ಕೇಳಿದೆ, ತಪ್ಪು ನನ್ನದೇ. ಅವಳು ಕಲಿತದ್ದು ಮೂಲೆಯನ್ನಲ್ಲ, ಕಾಲಿಗೆ ಮೆತ್ತಗೆ ಹತ್ತುವ, ನೆಲದ ಮೇಲೆ ಹಾಸಿದ ಬಟ್ಟೆಯನ್ನು. ಪ್ಯಾಡ್ ಕಲಿತ ಮರಿಗಳಿಗೆ ಕಾಲೊರಸು, ಜಮಖಾನೆ, ನೆಲದ ಹಾಸಿಗೆ ಎಲ್ಲವೂ ಪ್ಯಾಡೇ. ಪತ್ರಿಕೆ ಹಾಸಿ ಕಲಿಸಿದವರಿಗೂ ಇದೇ ತೊಂದರೆ, ನಮ್ಮ ಮನೆಗಳಲ್ಲಿ ಸೊಪ್ಪು ಸೋಸುವುದೇ ಪತ್ರಿಕೆಯ ಮೇಲೆ. ಅಂದೇ ಕಾಲೊರಸುಗಳನ್ನೆಲ್ಲ ಎತ್ತಿಟ್ಟೆ. ಪ್ಯಾಡನ್ನು ಅಂಚಿರುವ ಅಗಲ ಪ್ಲಾಸ್ಟಿಕ್ ತಟ್ಟೆಯೊಳಗೆ ಇಟ್ಟೆ. ತಟ್ಟೆಯ ಅಂಚು ದಾಟಿ ಹತ್ತಬೇಕು, ಆಗ ಜಾಗಕ್ಕೊಂದು ಗುರುತು ಸಿಕ್ಕಿತು.

ತಪ್ಪಿದಾಗ ಏನು ಮಾಡಬೇಕೆಂದು ಓಣಿಯಲ್ಲಿ ಎಲ್ಲರೂ ಹೇಳುವುದು ಒಂದೇ, ಮೂಗು ತಿಕ್ಕು, ಎರಡು ಬಿಗಿ. ಇದನ್ನು ದಯವಿಟ್ಟು ಮಾಡಬೇಡಿ. ಯಜಮಾನರು ಒಮ್ಮೆ ಜೋರಾಗಿ ಗದರಿದರು, ಹೊಡೆಯಲೂ ಇಲ್ಲ. ಮುಂದಿನ ಮೂರು ದಿನ ಕೆಂಚಿ ನಮ್ಮೆದುರು ಪ್ಯಾಡಿನ ಮೇಲೂ ಕೂರಲಿಲ್ಲ, ಕಣ್ಣು ತಪ್ಪಿಸಿ ಜೋಳದ ಚೀಲಗಳ ಹಿಂದೆ ಹೋಗಿ ಮಾಡಿ ಬಂದಳು. ಮಂದಿಯೆದುರು ಉಚ್ಚೆ ಮಾಡಿದರೆ ಅಪಾಯ ಎಂಬುದಷ್ಟೇ ಅವಳಿಗೆ ತಿಳಿದದ್ದು. ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಎತ್ತಿ ಪ್ಯಾಡಿಗೆ ಒಯ್ಯಬೇಕು. ಆಮೇಲೆ ಕಂಡರೆ ಸುಮ್ಮನೆ ಒರೆಸಬೇಕು.

ಒರೆಸುವುದರಲ್ಲೂ ನಾನು ಒಂದು ಪೆಟ್ಟು ತಿಂದೆ. ವಾಸನೆ ಉಳಿದರೆ ಮತ್ತೆ ಅಲ್ಲೇ ಹೋಗುತ್ತದೆ, ಫಿನೈಲು ನಮ್ಮ ಮೂಗಿಗಷ್ಟೇ ಮುಚ್ಚುತ್ತದೆ, ಮೇಲಾಗಿ ಕಾಲು ನೆಕ್ಕುವ ಮರಿಗೆ ಒಳ್ಳೆಯದಲ್ಲ. ವಿನೆಗರ್ ಒಳ್ಳೆಯದೆಂದು ಕೇಳಿ ಹಾಕಿದೆ. ಶಹಾಬಾದ್ ಸುಣ್ಣದ ಕಲ್ಲು, ಹುಳಿ ಬಿದ್ದರೆ ಕಲ್ಲನ್ನೇ ತಿನ್ನುತ್ತದೆ. ಬಚ್ಚಲ ಬಾಗಿಲಲ್ಲಿ ಎರಡು ಫರ್ಸಿಯ ಮೇಲೆ ಇವತ್ತಿಗೂ ಮಸುಕು ಕಲೆಗಳಿವೆ. ಟೈಲ್ಸ್ ಇದ್ದವರು ಬೇಕಾದರೆ ಹಾಕಿಕೊಳ್ಳಲಿ. ಫರ್ಸಿಗೆ ಮೊದಲು ಹಳೆ ಬಟ್ಟೆ ಒತ್ತಿ ಹೀರಿಸಿ, ಆಮೇಲೆ ವಾಸನೆಯ ಮೂಲವನ್ನೇ ಒಡೆಯುವ ಎನ್‌ಜೈಮ್ ಇರುವ ಕ್ಲೀನರ್ ಸುರಿದು ಹದಿನೈದು ನಿಮಿಷ ಬಿಟ್ಟು ಒರೆಸುವುದೇ ದಾರಿ. ನಲ್ಲಿ ನೀರು ದಿನವೂ ಬಾರದ ನಮ್ಮಂಥ ಓಣಿಯಲ್ಲಿ, ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುವುದಕ್ಕಿಂತ ಇದರಲ್ಲಿ ನೀರೂ ಉಳಿಯುತ್ತದೆ.

ಜೂನ್ ಬಂತು, ಲಸಿಕೆ ಮುಗಿಯಿತು, ಶಾಲೆ ತೆರೆಯಿತು, ಮಳೆ ಹಿಡಿಯಿತು. ಎಲ್ಲವೂ ಒಂದೇ ವಾರದಲ್ಲಿ. ಹೊರಗೆ ಕಲಿಸೋಣವೆಂದರೆ ಡ್ಯಾಶ್‌ಹೌಂಡಿನ ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು ಮೇಲೆ, ಒದ್ದೆ ಹುಲ್ಲು ತಾಗಿದರೆ ಹೊಸ್ತಿಲಲ್ಲೇ ಬೇರೂರಿ ನಿಲ್ಲುತ್ತಾಳೆ. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಇಡೀ ದಿನ ಕ್ರೇಟಿನಲ್ಲಿ ಹಾಕುವ ಮಾತೇ ಇಲ್ಲ. ಪಡಸಾಲೆಯ ಒಂದು ಭಾಗಕ್ಕೆ ತಡಿಕೆ ಕಟ್ಟಿ, ಒಂದು ತುದಿಗೆ ಬಾಗಿಲು ತೆಗೆದ ಕ್ರೇಟು, ಇನ್ನೊಂದು ತುದಿಗೆ ತಟ್ಟೆಯ ಪ್ಯಾಡು, ನಡುವೆ ನೀರು ಇಟ್ಟೆವು. ಅತ್ತೆಗೆ ಮೊಣಕಾಲು ನೋವು, ಬಗ್ಗಲಾಗದು, ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಮನೆಯ ಹುಡುಗಿ ಬಂದು ಪ್ಯಾಡ್ ಬದಲಿಸಿ ಹೋಗುತ್ತಿದ್ದಳು.

ಪ್ಯಾಡನ್ನು ವಾರಕ್ಕೆ ಒಂದೆರಡು ಹೆಜ್ಜೆಯಂತೆ ಹಿತ್ತಲ ಬಾಗಿಲ ಕಡೆ ಸರಿಸಿದೆ. ಬಾಗಿಲ ಒಳಗೆ ಒಂದು ವಾರ, ಹೊರಗೆ ಹಂಚಿನ ಸೂರಿನ ಕೆಳಗೆ ಎರಡು ವಾರ, ಆಮೇಲೆ ಅಂಗೈಯಗಲದ ತುಂಡು ಮಾತ್ರ ಮಣ್ಣಿನ ಮೇಲೆ. ಅವಸರ ಮಾಡಿ ಒಂದೇ ದಿನ ಆರು ಹೆಜ್ಜೆ ಸರಿಸಿದಾಗ ಅವಳು ಹಳೆಯ ಮೂಲೆಗೇ ಹೋಗಿ ಬರಿ ಫರ್ಸಿಯ ಮೇಲೆ ಕೂತಳು. ನಾನು ಮತ್ತೆ ಹಿಂದಕ್ಕೆ ತಂದೆ.

ಐದನೇ ತಿಂಗಳಲ್ಲಿ ಎಲ್ಲ ಸರಿಹೋಯಿತೆನ್ನುವಾಗ ಇದ್ದಕ್ಕಿದ್ದಂತೆ ಎಲ್ಲೆಂದರಲ್ಲಿ ಹನಿ ಹನಿ. ಹಟವೆಂದು ತಿಳಿದು ಎರಡು ದಿನ ಕಳೆದೆ, ಅದಕ್ಕೆ ಈಗಲೂ ಬೇಜಾರಿದೆ. ಉಚ್ಚೆ ಪರೀಕ್ಷೆಯಲ್ಲಿ ಸೋಂಕು ಕಂಡಿತು, ಔಷಧಿಯ ಕೋರ್ಸು ಮುಗಿದ ಮೇಲೆ ನಿಂತಿತು. ಕಲಿತ ನಾಯಿ ಒಮ್ಮೆಲೇ ತಪ್ಪತೊಡಗಿದರೆ ಮೊದಲು ವೈದ್ಯರ ಕಡೆ ಹೋಗಿ.

ನೋಟಬುಕ್ಕಿನಲ್ಲಿ ಮನೆಯೊಳಗಿನ ಕೊನೆಯ ತಪ್ಪು ಬರೆದದ್ದು ದಸರೆಯ ರಜೆಯಲ್ಲಿ. ಕ್ರೇಟಿನ ಬಾಗಿಲು ಈಗ ಕಳಚಿಟ್ಟಿದ್ದೇವೆ, ಅವಳು ಮಲಗುವುದು ಅಲ್ಲೇ. ಜಡಿಮಳೆಯ ರಾತ್ರಿಗೆಂದು ಬಚ್ಚಲ ಮೂಲೆಯಲ್ಲಿ ತಟ್ಟೆ, ಪ್ಯಾಡು ಇದ್ದೇ ಇವೆ.

ಈ ಏಪ್ರಿಲ್‌ನಲ್ಲಿ ಅತ್ತೆ ಪಡಸಾಲೆಯಲ್ಲಿ ಮತ್ತೆ ಬಿಳಿ ಧೋತ್ರ ಹಾಸಿ ಶಾವಿಗೆ ಹರವಿದರು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಕೆಂಚಿ ಎದ್ದು ಬಂದಳು, ಅಂಚಿಗೆ ಮೂಗು ಚಾಚಿ ಮೂಸಿದಳು, ಧೋತ್ರದ ಗುಂಟ ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಹೋಗಿ ನಿಂತು ತಿರುಗಿ ನೋಡಿದಳು. "ಹೋಗ ಬೇ, ಬಾಗಲಾ ತಗಿ, ಕಾಯಾಕತ್ತೇತಿ," ಅಂದರು ಅತ್ತೆ.