ದನಕ್ಕೆ ರಕ್ತ ಕಂಡ್ಮೇಲೆ ಫೋನ್ ಮಾಡ್ಬೇಡಿ, ಲೋಳೆ ಕಂಡಾಗ್ಲೇ ಮಾಡಿ

ಶಿರಸಿ ಸುತ್ತಿನ ಹಳ್ಳಿಗಳಲ್ಲಿ ದನಕ್ಕೆ ಇಂಜೆಕ್ಷನ್ ಹಾಕೋ ಕೆಲಸ ನಂದು, ಅಂದ್ರೆ ಕೃತಕ ಗರ್ಭಧಾರಣೆ. ಬರೋ ಫೋನ್‌ಗಳಲ್ಲಿ ನಂಗೆ ತುಂಬಾ ಬೇಜಾರಾಗೋದು ಇದಕ್ಕೆ: "ತಮಾ, ದನಕ್ಕೆ ರಕ್ತ ಕಾಣ್ತಾ ಇದ್ದು, ಬೆದೆಗೆ ಬಂತು ಕಾಣ್ತು, ಬೇಗ ಬಾ." ಕೊಟ್ಟಿಗೆ ನೋಡ್ಕೊಳ್ಳೋರು ಹೆಚ್ಚಾಗಿ ಮನೆ ಹೆಂಗಸ್ರು, ತಮ್ಮ ಮುಟ್ಟಿನ ಲೆಕ್ಕನೇ ದನಕ್ಕೂ ಹಾಕ್ತಾರೆ, ಅದು ಸಹಜ. ಆದ್ರೆ ಅಷ್ಟೊತ್ತಿಗೆ ಆ ಸಲದ ಬೆದೆ, ಅಂದ್ರೆ ದನ ಗಬ್ಬ ಕಟ್ಟೋಕೆ ತಯಾರಾಗಿರೋ ಹೊತ್ತು, ಕೈತಪ್ಪಿ ಹೋಗಿರುತ್ತೆ, ಇನ್ನೊಂದು ಬೆದೆ ತನಕ ಹಿಂಡಿ ಖರ್ಚು ಮೈಮೇಲೆ.

ಮನುಷ್ಯರಲ್ಲಿ ಗರ್ಭ ನಿಲ್ಲದಿದ್ರೆ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತೆ, ಅಂಡ ಬಿಡುಗಡೆ ಆಗೋದು ಮುಂದಿನ ಮುಟ್ಟಿಗಿಂತ ಸುಮಾರು 14 ದಿನ ಮೊದಲು. ದನಕ್ಕೆ ಹಂಗಲ್ಲ. 18ರಿಂದ 24 ದಿನಕ್ಕೊಮ್ಮೆ, ಸರಾಸರಿ 21ಕ್ಕೆ ಬೆದೆ, ಆ ಬೆದೆ ಇರೋದು 12ರಿಂದ 18 ಗಂಟೆ ಅಷ್ಟೇ, ಅದು ಇಳಿದು 10-12 ಗಂಟೆಗೆ ಅಂಡ ಬಿಡುಗಡೆ ಆಗುತ್ತೆ. ಆಮೇಲೆ ಒಂದೆರಡು ದಿನ ಬಿಟ್ಟು ಹಾರ್ಮೋನ್ ಇಳಿದಾಗ ಗರ್ಭಕೋಶದ ಸಣ್ಣ ರಕ್ತನಾಳಗಳಿಂದ ಸ್ವಲ್ಪ ರಕ್ತ ಜಿನುಗಿ ಬಾಲಕ್ಕೆ ಅಂಟಿರುತ್ತೆ. ಇಂಜೆಕ್ಷನ್ ಹಾಕಿದ್ರೂ ಬರಬಹುದು, ಹಾಕದಿದ್ರೂ ಬರಬಹುದು, ಎಲ್ಲಾ ದನಕ್ಕೂ ಕಾಣಲ್ಲ, ಮಣಕಗಳಲ್ಲಿ, ಅಂದ್ರೆ ಇನ್ನೂ ಕರು ಹಾಕದ ಹರೆಯದ ದನಗಳಲ್ಲಿ, ಜಾಸ್ತಿ. ಇಂಜೆಕ್ಷನ್ ಹಾಕಿಸಿದ ದನಕ್ಕೆ ಇದು ಕಂಡ್ರೆ "ಗಬ್ಬ ಹೋಯ್ತು" ಅಂತ ಅಳೋರೂ ಇದ್ದಾರೆ, ಅಳೋ ಕಾರಣ ಏನೂ ಇಲ್ಲ. ರಕ್ತ ಕಂಡ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಅಲ್ಲಿಂದ 16ನೇ ದಿನಕ್ಕೆ ಕಣ್ಣಿಡೋಕೆ ಶುರು ಮಾಡಿ ಅಂತೀನಿ ನಾನು.

ಕಣ್ಣಿಡೋದು ಅಂದ್ರೆ ಹೆಂಗೆ? ನಮ್ಮ ಕಡೆ ಎಷ್ಟೋ ಮನೇಲಿ ಒಂದೋ ಎರಡೋ ದನ, ಕಟ್ಟೇ ಸಾಕೋದು, ಇನ್ನೊಂದು ದನ ಮೇಲೆ ಹತ್ತಿದಾಗ ಸುಮ್ನೆ ನಿಲ್ಲುತ್ತಾ ಅಂತ ನೋಡೋಕೆ ಜೊತೆ ಇರಲ್ಲ. ಹಂಗಾಗಿ ರಾತ್ರಿ ಮಲಗೋ ಮುಂಚೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಒಂದು ಸಲ ಹೋಗಿ. ಮಲಗಿದ ದನದ ಹಿಂದೆ ನೆಲದ ಮೇಲೆ ಲೋಳೆ ಬಿದ್ದಿರುತ್ತೆ, ಎದ್ದು ನಿಂತ್ರೆ ಯೋನಿಯಿಂದ ಎಳೆ ಎಳೆಯಾಗಿ ಇಳಿಬೀಳುತ್ತೆ, ಮೊಟ್ಟೆಯ ಬಿಳಿ ಭಾಗದ ಹಾಗೆ ಸ್ವಚ್ಛ, ಬೆರಳಲ್ಲಿ ಎಳೆದ್ರೆ ತುಂಡಾಗದೇ ಉದ್ದ ಬರುತ್ತೆ. ಯೋನಿ ತುಟಿ ಊದಿ ಕೆಂಪಾಗಿರುತ್ತೆ, ಹಾಲು ಕಮ್ಮಿ, ಕೂಗಾಟ, ಪದೇ ಪದೇ ಚೂರು ಚೂರು ಗಂಜಲ. ಅಡಿಕೆ ಕೊಯ್ಲಿನ ಟೈಮಲ್ಲಿ ಮನೆಯವ್ರೆಲ್ಲ ರಾತ್ರಿವರೆಗೂ ಅಡಿಕೆ ಸುಲಿಯೋದ್ರಲ್ಲಿ ಇರ್ತಾರೆ, ದನದ ಹತ್ರ ಯಾರೂ ಹೋಗಲ್ಲ, ಆ ತಿಂಗಳುಗಳಲ್ಲೇ ಬೆದೆ ತಪ್ಪೋದು ಜಾಸ್ತಿ ಅಂತ ನನ್ನ ಅನುಭವ.

ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ ಹಾಕ್ತೀನಿ, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ. ವೀರ್ಯಾಣು ಒಳಗೆ ಹೋಗಿ ತಯಾರಾಗೋಕೆ ಕೆಲವು ಗಂಟೆ ಬೇಕು, ಅಂಡಕ್ಕೆ ಆಯುಷ್ಯ ಕಮ್ಮಿ, ಎರಡೂ ಒಂದೇ ಹೊತ್ತಿಗೆ ಸಿಗ್ಬೇಕು ಅಷ್ಟೇ. ಮೈನಸ್ 196 ಡಿಗ್ರಿ ದ್ರವ ಸಾರಜನಕದಿಂದ ತೆಗೆದ, ವೀರ್ಯ ತುಂಬಿದ ಸಣ್ಣ ಕಡ್ಡಿನ 37 ಡಿಗ್ರಿ ನೀರಲ್ಲಿ 30 ಸೆಕೆಂಡ್ ಇಟ್ಟು, ನೀರಿನ ಒಂದು ಹನಿನೂ ಇರದ ಹಾಗೆ ಒರೆಸಿ, ತುದಿ ಕತ್ತರಿಸಿ, ವೀರ್ಯ ಒಳಗೆ ಬಿಡೋ ಉದ್ದನೆ ಕೊಳವೆಯಾದ ಗನ್‌ಗೆ ಹಾಕ್ತೀನಿ. ಎಡಗೈ ಗುದದ್ವಾರದಿಂದ ಒಳಗೆ ಹೋಗಿ ಗರ್ಭಕೋಶದ ಕೊರಳು ಹಿಡಿಯುತ್ತೆ, ಬಲಗೈ ಗನ್ ದಾಟಿಸುತ್ತೆ. ದನದ ಆ ಕೊರಳಲ್ಲಿ ಮೂರ್ನಾಲ್ಕು ಗಟ್ಟಿ ಉಂಗುರ ಇವೆ, ಒಂದೊಂದೇ ದಾಟಿದ್ದು ಕೈಗೆ ಗೊತ್ತಾಗುತ್ತೆ, ಕೊನೇದು ದಾಟಿದ ಕೂಡ್ಲೇ ನಿಲ್ಲಿಸಿ ಅಲ್ಲೇ ನಿಧಾನಕ್ಕೆ ಬಿಡ್ಬೇಕು. ಹೋರಿ ಯೋನಿಯಲ್ಲೇ ಬಿಟ್ರೂ ನಡೆಯುತ್ತೆ, ಅದ್ರಲ್ಲಿ ನೂರಾರು ಕೋಟಿ ವೀರ್ಯಾಣು ಇರುತ್ತೆ, ಕಡ್ಡಿಯಲ್ಲಿ ಇರೋದು ಸುಮಾರು 2 ಕೋಟಿ. ಗಡಿಬಿಡಿ ಮಾಡು ಅಂದ್ರೆ ನಾನು ಮಾಡಲ್ಲ. ಸಣ್ಣ ಮಲೆನಾಡು ಗಿಡ್ಡ ಮಣಕಕ್ಕೆ ಎಚ್ಚೆಫ್ ಅನ್ನೋ ದೊಡ್ಡ ವಿದೇಶಿ ತಳಿದು ಹಾಕು ಅಂದ್ರೂ ಹಾಕಲ್ಲ, ಕರು ದೊಡ್ಡದಾಗಿ ಹೆರಿಗೆಯಲ್ಲಿ ಒದ್ದಾಡೋದು ಆ ಮೂಕಪ್ರಾಣಿ.

21 ದಿನಕ್ಕೆ ಬೆದೆ ಬರ್ಲಿಲ್ಲ ಅಂದ ಮಾತ್ರಕ್ಕೆ ಗಬ್ಬ ನಿಂತಿದೆ ಅಂತ ಖುಷಿಪಡ್ಬೇಡಿ, ಎರಡರಿಂದ ಮೂರು ತಿಂಗಳ ಒಳಗೆ ಕೈ ಹಾಕಿ ನೋಡಿಸಿ. ನಿಂತ್ರೆ ಇಂಜೆಕ್ಷನ್ ದಿನದಿಂದ ಸುಮಾರು 280 ದಿನಕ್ಕೆ ಕರು ಹಾಕುತ್ತೆ. ಹೆಂಗಸ್ರಿಗೂ ಡಾಕ್ಟ್ರು 280 ಅಂತಾನೇ ಹೇಳ್ತಾರೆ, ಆದ್ರೆ ಅದು ಕೊನೇ ಮುಟ್ಟಿನ ಮೊದಲ ದಿನದಿಂದ, ಗರ್ಭ ನಿಂತ ದಿನದಿಂದ ಎಣಿಸಿದ್ರೆ 266ರ ಹತ್ರ. ಮೂರು ಸಲ ಹಾಕಿದ್ರೂ ನಿಲ್ಲದೇ ಇದ್ರೆ, ಇಲ್ಲಾ ಲೋಳೆ ಮಾಸಲಾಗಿ ಕೀವಿನ ಹಾಗೆ ಬಂದ್ರೆ ನಾನು ಗನ್ ಹೊರಗೇ ತೆಗೆಯಲ್ಲ, ಮೊದ್ಲು ಪಶುವೈದ್ಯರಿಗೆ ತೋರಿಸಿ ಗರ್ಭಕೋಶದ ಸೋಂಕಿಗೆ ಔಷಧ ಮಾಡಿಸಿ ಅಂತೀನಿ, ಆ ಬೆದೆ ಬಿಟ್ಟು ಲೋಳೆ ಸ್ವಚ್ಛ ಆದ್ಮೇಲೆ ಕರೀರಿ, ಬರ್ತೀನಿ.