ವಿದೇಶದಲ್ಲಿ ಕೊಂಡು ಊರಿಗೆ ತರುವ ವಸ್ತುವಿನ ತೆರಿಗೆ: ದಾವಣಗೆರೆಯ ಪ್ರಯಾಣಿಕರಿಗೆ

ದುಬೈಗೋ ಸಿಂಗಪುರಕ್ಕೋ ಹೋಗಿ ಬರುವ ನಮ್ಮ ದಾವಣಗೆರೆಯವರು, ಅಲ್ಲಿ ಕೊಂಡ ವಸ್ತುವಿಗೆ ಊರಿಗೆ ಬಂದ ಮೇಲೆ ಜಿಎಸ್‌ಟಿ ಕಟ್ಟಬೇಕೇ ಎಂದು ಕೇಳುವುದುಂಟು. ಕಟ್ಟಬೇಕಿಲ್ಲ. ಸ್ವಂತ ಬಳಕೆಗೋ ಉಡುಗೊರೆಗೋ ಲಗೇಜಿನಲ್ಲಿ ತರುವ ವಸ್ತುಗಳಿಗೆ ಅನ್ವಯಿಸುವುದು ಕಸ್ಟಮ್ಸ್ ಸುಂಕ, ಅದನ್ನು ಕಟ್ಟಬೇಕಾದ ಸ್ಥಳ ವಿಮಾನ ನಿಲ್ದಾಣ. ಕೆಂಪೇಗೌಡ ನಿಲ್ದಾಣದಿಂದ ಹೊರಬಂದು ದಾವಣಗೆರೆಯ ಬಸ್ಸು ಹತ್ತಿದ ಮೇಲೆ ಲೋಪವನ್ನು ಸರಿಪಡಿಸುವುದು ಕಷ್ಟವಾದ್ದರಿಂದ, ಈ ಲೆಕ್ಕವನ್ನು ಪರದೇಶದಲ್ಲಿ ವಿಮಾನ ಏರುವ ಮೊದಲೇ ಹಾಕಿಟ್ಟುಕೊಳ್ಳಬೇಕು.

ಮೊದಲು ಅಲ್ಲಿ ಕೊಟ್ಟ ತೆರಿಗೆಯ ಮಾತು. ದುಬೈಯಲ್ಲಿ ವ್ಯಾಟ್ ಶೇ 5, ಸಿಂಗಪುರದಲ್ಲಿ 2024ರಿಂದ ಜಿಎಸ್‌ಟಿ ಶೇ 9. ಪ್ರವಾಸಿಗರು ಇದರಲ್ಲಿ ಬಹುಪಾಲನ್ನು ಹಿಂಪಡೆಯಬಹುದು. ಆದರೆ ಖರೀದಿಯ ಸಮಯದಲ್ಲೇ ಪಾಸ್‌ಪೋರ್ಟ್ ತೋರಿಸಿ ಮರುಪಾವತಿಗೆ ಹೆಸರು ನಮೂದಿಸಿರಬೇಕು, ಹೊರಡುವ ದಿನ ಲಗೇಜು ಒಪ್ಪಿಸುವ ಮುನ್ನ ನಿಲ್ದಾಣದ ಮರುಪಾವತಿ ಕೌಂಟರಿನಲ್ಲಿ ದೃಢೀಕರಿಸಿಕೊಳ್ಳಬೇಕು, ಕೇಳಿದರೆ ವಸ್ತುವನ್ನೂ ತೋರಿಸಬೇಕು. ಸೂಟ್‌ಕೇಸು ಬೆಲ್ಟಿನ ಮೇಲೆ ಹೋದ ನಂತರ ಕೌಂಟರು ಹುಡುಕಿ ಫಲವಿಲ್ಲ. ಕೊಲ್ಲಿಯಲ್ಲಿ ದುಡಿಯುತ್ತಿರುವ ನಮ್ಮವರು ಒಂದನ್ನು ಗಮನಿಸಬೇಕು: ಯುಎಇಯ ಈ ಸೌಲಭ್ಯ ಅಲ್ಲಿನ ನಿವಾಸಿಗಳಿಗಿಲ್ಲ.

ಈಗ ಇಲ್ಲಿನ ಸುಂಕ. ಒಬ್ಬರು ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮೌಲ್ಯಕ್ಕೆ 2016ರ ಬ್ಯಾಗೇಜ್ ನಿಯಮಗಳಲ್ಲಿ 50,000 ರೂಪಾಯಿ ಇದ್ದ ವಿನಾಯಿತಿಯ ಮಿತಿ, 2026ರ ಫೆಬ್ರುವರಿ 2ರಿಂದ ಜಾರಿಯಾದ ಹೊಸ ನಿಯಮಗಳಲ್ಲಿ 75,000 ರೂಪಾಯಿಗೆ ಏರಿದೆ. ಬಳಸಿದ ಬಟ್ಟೆಬರೆಗಳು ಮತ್ತು ವಯಸ್ಕರೊಬ್ಬರಿಗೆ ಒಂದು ಲ್ಯಾಪ್‌ಟಾಪ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಮಿತಿ ಮೀರಿದ ಮೌಲ್ಯದ ಮೇಲೆ ಶೇ 35 ಸುಂಕ, ಆ ಸುಂಕದ ಮೇಲೆ ಶೇ 10 ಸಾಮಾಜಿಕ ಕಲ್ಯಾಣ ಸರ್ಚಾರ್ಜ್, ಒಟ್ಟು ಶೇ 38.5. ಉದಾಹರಣೆಗೆ 1,20,000 ರೂಪಾಯಿಯ ಹೊಸ ಕೈಗಡಿಯಾರವೊಂದನ್ನು ಮಾತ್ರ ತಂದರೆ 45,000 ರೂಪಾಯಿಯ ಮೇಲೆ ಸುಂಕ ಬೀಳುತ್ತದೆ: 15,750 ಮತ್ತು ಸರ್ಚಾರ್ಜ್ 1,575 ಸೇರಿ 17,325 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಬಂದಿದ್ದಾರೆಂದು ಇಬ್ಬರ ವಿನಾಯಿತಿಯನ್ನೂ ಆ ಒಂದೇ ಗಡಿಯಾರಕ್ಕೆ ಕೂಡಿಸಿ ತೋರಿಸಲು ಬರುವುದಿಲ್ಲ. ಪ್ರತಿಯೊಬ್ಬರ ಮಿತಿ ಅವರವರದೇ. ಚಿನ್ನದ ಒಡವೆಗೆ ಬೇರೆ ನಿಯಮವಿದ್ದು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಬರುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂವರೆಗೆ ಸುಂಕವಿಲ್ಲ. ಬಿಸ್ಕತ್ತು, ನಾಣ್ಯಗಳಿಗೆ ಈ ರಿಯಾಯಿತಿ ಇಲ್ಲ.

ಮೌಲ್ಯ ಸಾಬೀತುಪಡಿಸಲು ಬಿಲ್ಲೇ ಆಧಾರ. ಅಂಗಡಿಗಳು ಕೊಡುವ ನುಣುಪು ಕಾಗದದ ಬಿಲ್ಲು ಬಿಸಿಲಿಗೆ, ಬೆವರಿಗೆ ಅಕ್ಷರ ಮಾಸಿ ಬಿಳಿಯಾಗುತ್ತದೆ. ಆದ್ದರಿಂದ ಕೊಂಡ ದಿನವೇ ಅದರ ಫೋಟೊ ತೆಗೆದು, ಮೂಲ ಬಿಲ್ಲನ್ನು ಪಾಸ್‌ಪೋರ್ಟಿನ ಜೊತೆ ಇಡಿ. ಮಿತಿ ಮೀರಿದ್ದರೆ ಬೆಂಗಳೂರಿನಲ್ಲಿ ನೇರವಾಗಿ ಕಸ್ಟಮ್ಸಿನ ಕೆಂಪು ಚಾನೆಲಿಗೆ (ಸುಂಕದ ವಸ್ತು ಇರುವವರ ದಾರಿ) ಹೋಗಿ ಘೋಷಿಸಿ, ಸುಂಕ ಕಟ್ಟಿ, ರಸೀದಿ ಪಡೆಯಿರಿ. ಸುಂಕ ತೆರಬೇಕಾದ ವಸ್ತುವಿಟ್ಟುಕೊಂಡು ಅಂಥ ವಸ್ತು ಇಲ್ಲದವರ ಹಸಿರು ಚಾನೆಲಿನಲ್ಲಿ ನಡೆದುಬಂದು ಸಿಕ್ಕಿಬಿದ್ದರೆ ವಸ್ತು ಮುಟ್ಟುಗೋಲಾಗಬಹುದು, ದಂಡವೂ ಬೀಳಬಹುದು. ಕೇಳಿದರೆ ನೋಡೋಣ ಎಂಬ ಧೋರಣೆಯನ್ನು ನಾನು ಯಾರಿಗೂ ಹೇಳಿಕೊಡಲಾರೆ.

ವ್ಯಾಪಾರಸ್ಥರು ಇನ್ನೂ ಎಚ್ಚರದಿಂದಿರಬೇಕು. ಬ್ಯಾಂಕಾಕಿನಿಂದ ಒಂದೇ ಬಗೆಯ ಮೂವತ್ತು ಗಡಿಯಾರ ತಂದು ತಮ್ಮ ಅಂಗಡಿಯಲ್ಲಿ ಮಾರುವ ಉದ್ದೇಶವಿದ್ದರೆ ಅದು ಲಗೇಜೇ ಅಲ್ಲ, ಆಮದು. ಅದಕ್ಕೆ ಮೇಲಿನ ವಿನಾಯಿತಿ ದೊರೆಯುವುದಿಲ್ಲ ಮತ್ತು ಆಮದಿನ ಜಿಎಸ್‌ಟಿಯೂ ಅನ್ವಯವಾಗುತ್ತದೆ.

ಊರಿನಿಂದಲೇ ದುಬಾರಿ ಕ್ಯಾಮೆರಾ ಅಥವಾ ಒಡವೆ ತೆಗೆದುಕೊಂಡು ಹೊರಡುವವರು, ಹೋಗುವಾಗಲೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಅದನ್ನು ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಮರಳುವಾಗ ಅದೇ ವಸ್ತುವಿಗೆ ಸುಂಕದ ಪ್ರಶ್ನೆ ಏಳುವುದಿಲ್ಲ.