ಪೀಠದ ನೆಲದಲ್ಲಿ ಒಂದು ಗೇರುಬೀಜದ ಶೆಡ್: ಘಾನಾದಲ್ಲಿ ನನ್ನ ಅನುಭವ

ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ. "ಘಾನಾದಲ್ಲಿ ಚಿನ್ನ ಸಿಗ್ತದಂತಲ್ಲ ಮಾರಾಯ್ರೆ, ಸ್ವಲ್ಪ ತರಬಾರದಾ?"

ಚಿನ್ನ ಸಿಗುವುದು ಹೌದು. ಆದರೆ ಅಲ್ಲಿ ನೆಲದಡಿಯ ಖನಿಜವೆಲ್ಲ ಸರ್ಕಾರದ್ದು. ಸಣ್ಣ ಗಣಿಗಾರಿಕೆ ಅಲ್ಲಿನ ಪ್ರಜೆಗಳಿಗೆ ಮಾತ್ರ. 2025ರ ಏಪ್ರಿಲ್ ಕೊನೆಗೆ ಸ್ಥಳೀಯ ಚಿನ್ನದ ವ್ಯಾಪಾರದಿಂದಲೂ ವಿದೇಶಿಯರನ್ನು ಹೊರಗಿಟ್ಟರು. ಕೋಕೋ ಅಂದರೆ ಅಲ್ಲಿನ ಸರ್ಕಾರಿ ಕೋಕೋ ಮಂಡಳಿ ಕೋಕೋಬಾಡ್‌ನ ಹಿಡಿತ. ಕಾರ್ಕಳದ ಕಡೆಯ ನನಗೆ ಉಳಿದದ್ದೂ ಗೇರುಬೀಜ, ಗೊತ್ತಿದ್ದದ್ದೂ ಗೇರುಬೀಜ. ನಮ್ಮ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಪಶ್ಚಿಮ ಆಫ್ರಿಕಾದ ಬೀಜ ಹಡಗಿನಲ್ಲಿ ಬಂದರೇನೇ ಒಲೆ ಉರಿಯುವುದು.

ನಾನು ಹೋದದ್ದು ಟೆಚಿಮಾನ್ ಕಡೆಗೆ. ಘಾನಾದ ನಡುಭಾಗ, ದೊಡ್ಡ ಸಂತೆಯ ಊರು. ಅಕಾನ್ ಜನರಲ್ಲಿ ಬೋನೊ ಅನ್ನುವ ಪಂಗಡದವರ ಹಳೆಯ ರಾಜ್ಯ. ಮೊದಲ ಕೆಲವು ಹಂಗಾಮು ಬರೀ ಖರೀದಿ. ಫೆಬ್ರವರಿಗೆ ಹೋಗು, ಜೂನ್‌ಗೆ ವಾಪಸ್. 2017ರ ಹೊತ್ತಿಗೆ ಅಲ್ಲೇ ಬೀಜ ಒಣಗಿಸಿ ಇಡಲು ಒಂದು ಶೆಡ್, ಪಕ್ಕದಲ್ಲಿ ಸಣ್ಣದಾಗಿ ಬೇಯಿಸಿ ಒಡೆಯುವ ಘಟಕ ಬೇಕು ಅನ್ನಿಸಿತು. ಅದಕ್ಕೆ ಮೂರು ಎಕರೆ ಜಾಗ.

ಎಡವಿದ್ದು ಇಲ್ಲಿ.

ರಾಜಮನೆತನದವನು ಅಂತ ಹೇಳಿಕೊಂಡ ಒಬ್ಬ ಜಾಗ ತೋರಿಸಿದ. ರಸ್ತೆ ಬದಿ, ಪಕ್ಕದಲ್ಲೇ ಕರೆಂಟ್ ಕಂಬ. ಕಾಗದದಲ್ಲಿ ಸಹಿ, ಮೊಹರು ಎಲ್ಲ ಇತ್ತು. ಮುಂಗಡ ಕೊಟ್ಟೆ. ಬೇಲಿ ಹಾಕಲು ಹೋದ ದಿನ ಇನ್ನೊಂದು ಊರಿನವರು ಬಂದು, ನಿಮಗೆ ಈ ಜಾಗ ಕೊಡಲು ಅವನು ಯಾರು ಅಂದರು. ವಿಚಾರಿಸಿದರೆ ಅಲ್ಲಿ ಹಳೆಯ ಜಗಳವೇ ಇತ್ತು. ಟೆಚಿಮಾನ್ ಸುತ್ತಲಿನ ಕೆಲವು ಊರುಗಳಲ್ಲಿ ಒಂದು ಗುಂಪು ಟೆಚಿಮಾನ್ ಪೀಠಕ್ಕೆ, ಅಂದರೆ ಅಲ್ಲಿನ ರಾಜಗದ್ದುಗೆಗೆ, ನಿಷ್ಠೆ, ಇನ್ನೊಂದು ಗುಂಪು ಕುಮಾಸಿಯಲ್ಲಿರುವ ಅಶಾಂತಿ ರಾಜನಿಗೆ ನಿಷ್ಠೆ. ನನ್ನ ಕಾಗದದಲ್ಲಿದ್ದ ಸಹಿ ಎರಡೂ ಕಡೆಯವರದ್ದಲ್ಲ! ಹಣ ಹೋಯಿತು. ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದೆ.

ಎರಡನೇ ಸಲ ನನ್ನ ಪಾಲುದಾರನ ಸೋದರಮಾವ ನಮ್ಮನ್ನು ಕರೆದುಕೊಂಡು ಹೋದರು. ಕೈಯಲ್ಲಿ ಎರಡು ಬಾಟಲಿ ಶ್ನಾಪ್ಸ್, ಒಂದು ಬಗೆಯ ಮದ್ಯ. ನಮ್ಮಲ್ಲಿ ಹಣ್ಣುಕಾಯಿ ಇದ್ದ ಹಾಗೆ ಅಲ್ಲಿ ಅದು. ಬರಿಗೈಯಲ್ಲಿ ಪೀಠದ ಮುಂದೆ ಹೋಗುವ ಹಾಗಿಲ್ಲ. ಊರಿನ ಮುಖ್ಯಸ್ಥರಿಗೆ ಒಡಿಕ್ರೊ ಅನ್ನುತ್ತಾರೆ. ಅವರ ಅಂಗಳದಲ್ಲಿ ನಮ್ಮನ್ನು ಕೂರಿಸಿದರು. ಮೊದಲು ಕುಡಿಯಲು ನೀರು ಬಂತು. ನೀರು ಕುಡಿದ ಮೇಲೆಯೇ ಬಂದ ವಿಷಯ ಏನು ಅಂತ ಕೇಳುವುದು. ಇದಕ್ಕೆ ಅವರಲ್ಲಿ ಅಮನ್ನೆ ಅಂತ ಹೆಸರಿದೆ. ನಾವು ಯಾಕೆ ಬಂದಿದ್ದೇವೆ ಅಂತ ಊರಿಗೆಲ್ಲ ಗೊತ್ತಿತ್ತು, ಆದರೂ ಕೇಳಲೇಬೇಕು, ನಾವು ಮೊದಲಿನಿಂದ ಹೇಳಲೇಬೇಕು. ಬೆಲ್ಲ ನೀರು ಕೊಟ್ಟು ಕುಶಲ ಕೇಳುವ ಮನೆಯಲ್ಲಿ ಬೆಳೆದವನಿಗೆ ಇದು ಹೊಸದು ಅನ್ನಿಸಲಿಲ್ಲ.

ಮುಖ್ಯಸ್ಥರ ಜೊತೆ ನೇರ ಮಾತಿಲ್ಲ. ನಡುವೆ ಒಚಿಯಾಮೆ, ಅಂದರೆ ಅವರ ಮಾತುಗಾರ, ಕೋಲು ಹಿಡಿದು ಕೂತಿರುತ್ತಾರೆ. ನಾನು ಇಂಗ್ಲಿಷಲ್ಲಿ ಹೇಳಿದ್ದನ್ನು ಪಾಲುದಾರ ಟ್ವಿ ಭಾಷೆಗೆ ತಿರುಗಿಸಿದ, ಅದನ್ನು ಒಚಿಯಾಮೆ ಚಂದ ಮಾಡಿ ಒಪ್ಪಿಸಿದರು. ನನ್ನ ನಾಲ್ಕು ಮಾತು ಅವರ ಬಾಯಲ್ಲಿ ಹತ್ತು ನಿಮಿಷ ಆಯಿತು. ಏನೇನು ಸೇರಿಸಿದರೋ! ಆಮೇಲೆ ಬಾಟಲಿ ತೆರೆದು, ಹಿರಿಯರ ಹೆಸರು ಕರೆದು ನೆಲಕ್ಕೆ ಎರೆದರು. ಕೊನೆಗೆ ಯಾವ ವಾರ ಹುಟ್ಟಿದ್ದು ಅಂತ ಕೇಳಿದರು. ಬುಧವಾರ ಅಂದೆ. ಅಂದಿನಿಂದ ಅಲ್ಲಿ ನಾನು ಕ್ವಾಕು. ಹೊರಡುವಾಗ 'ದಾರಿ' ಕೇಳಬೇಕು. ಅವರು ಅರ್ಧ ದಾರಿ ಮಾತ್ರ ಕೊಡುತ್ತಾರೆ, ಮತ್ತೆ ಬರಲಿ ಅಂತ. ನಾವು 'ಹೋಗ್ತೇನೆ' ಅನ್ನದೆ 'ಹೋಗಿ ಬರ್ತೇನೆ' ಅನ್ನುತ್ತೇವಲ್ಲ, ಹಾಗೆ.

ಇನ್ನು ಲೆಕ್ಕದ ಮಾತು. ಅಲ್ಲಿ ನೆಲ ಮುಖ್ಯಸ್ಥರ ಸ್ವಂತದ್ದಲ್ಲ, ಪೀಠದ್ದು. ಪೀಠ ಅಂದರೆ ನಿಜವಾಗಿಯೂ ಮರದ ಮಣೆ. ಆಳಿದವರು ಹೋಗುತ್ತಾರೆ, ಮಣೆ ಉಳಿಯುತ್ತದೆ. ವಿದೇಶಿಯರಿಗೆ ಗುತ್ತಿಗೆ ಮಾತ್ರ, ಅದೂ ಒಮ್ಮೆಗೆ ಹೆಚ್ಚೆಂದರೆ 50 ವರ್ಷ. ಇದು ಸಂವಿಧಾನದಲ್ಲೇ ಇದೆ. ವರ್ಷದ ನೆಲಬಾಡಿಗೆ ಪೀಠದ ಭೂಮಿಗಳ ಆಡಳಿತ ಕಚೇರಿಗೆ ಹೋಗುತ್ತದೆ. 100 ಸೇಡಿ (ಘಾನಾದ ಹಣ) ಕಟ್ಟಿದರೆ 10 ಕಚೇರಿಗೆ. ಉಳಿದ 90ರಲ್ಲಿ 49.50 ಜಿಲ್ಲಾ ಸಭೆಗೆ, 22.50 ಪೀಠಕ್ಕೆ, 18 ಸಾಂಪ್ರದಾಯಿಕ ಮಂಡಳಿಗೆ. ಪೀಠದ ಕೈಗೆ ಕಾಲು ಭಾಗವೂ ಬರುವುದಿಲ್ಲ. ಮೊದಲಿಗೆ ಕೊಡುವ 'ಡ್ರಿಂಕ್ಸ್' ಹಣ ಯಾಕೆ ಅಷ್ಟು ದೊಡ್ಡದಾಗಿ ಬೆಳೆದಿದೆ ಅಂತ ಈ ಲೆಕ್ಕ ನೋಡಿದ ಮೇಲೆ ನನಗೆ ಅರ್ಥವಾಯಿತು. ಹೆಸರು ಮಾತ್ರ ಡ್ರಿಂಕ್ಸ್, ಈಗ ಅದು ಜಾಗದ ಬೆಲೆಯೇ. ನಾನಂತೂ ಅದಕ್ಕೂ ರಸೀದಿ ಕೇಳಿ ತೆಗೆದುಕೊಂಡೆ. ಮುಖ್ಯಸ್ಥರು ನಕ್ಕರು, ಕೊಟ್ಟರು.

ಈ ಸಲ ಮೊದಲು ಸರ್ವೇಯರ್ ಕರೆಸಿ ನಕ್ಷೆ ಮಾಡಿಸಿದೆ. ಸರ್ಕಾರದ ಭೂ ಕಚೇರಿಯಾದ ಲ್ಯಾಂಡ್ಸ್ ಕಮಿಷನ್‌ನಲ್ಲಿ ಹಳೆಯ ದಾಖಲೆ ಹುಡುಕಿಸಿದೆ. ಒಡಿಕ್ರೊ ಸಹಿ, ಮೇಲಿನ ಪೀಠದ ಒಪ್ಪಿಗೆ, ಆ ನೆಲ ಉಳುತ್ತಿದ್ದ ಕುಟುಂಬದ ಹಿರಿಯರ ಸಹಿ. ಕೊನೆಯದ್ದು ಬಹಳ ಮುಖ್ಯ. ಉಳುವ ಕುಟುಂಬವನ್ನು ಬಿಟ್ಟು ಮೇಲಿನವರ ಸಹಿ ತಂದರೆ ಬೇಲಿ ಉಳಿಯುವುದಿಲ್ಲ.

ಆ ಹಿರಿಯರ ಜೊತೆ ಅವರ ಮಗ ಬಂದಿದ್ದ. ಸಹಿ ಹಾಕಲು ಅವನೂ ಸಿದ್ಧ. ಪಾಲುದಾರನ ಮಾವ ಕೈ ಅಡ್ಡ ಹಿಡಿದು, "ಇವನಲ್ಲ, ಇವರ ತಂಗಿಯ ಮಗ ಬರಲಿ" ಅಂದರು. ನನಗೆ ನಗು ಬಂತು. ಅಳಿಯಸಂತಾನ! ನಮ್ಮ ತುಳುನಾಡಿನ ಕಟ್ಟು ಅಲ್ಲಿ ಇನ್ನೂ ಜೀವಂತ. ಅಕಾನರಲ್ಲಿ ಕುಟುಂಬ ತಾಯಿಯ ಕಡೆಯಿಂದ, ಅದಕ್ಕೆ ಅಬುಸುವಾ ಅನ್ನುತ್ತಾರೆ. 1985ರ ಕಾನೂನು ಬಂದ ಮೇಲೆ, ಉಯಿಲು ಬರೆಯದೆ ಸತ್ತವನ ಸ್ವಂತ ದುಡಿಮೆಯ ಆಸ್ತಿಯಲ್ಲಿ ಹೆಚ್ಚಿನ ಪಾಲು ಹೆಂಡತಿ ಮಕ್ಕಳಿಗೆ. ಆದರೆ ಕುಟುಂಬದ ನೆಲಕ್ಕೆ ಅದು ತಾಗುವುದಿಲ್ಲ. ಪೀಠಕ್ಕೆ ಯಾರು ಏರಬೇಕು ಅಂತ ಹೆಸರು ಸೂಚಿಸುವುದೂ ಒಹೆಮಾ, ಅಂದರೆ ರಾಜಮಾತೆ. ಅವರನ್ನು ಕಾಣದೆ ಬರಬೇಡಿ.

ನೆಲಕ್ಕೂ ಅಲ್ಲಿ ಹೆಸರಿದೆ, ಅಸಾಸೆ ಯಾ. ಗುರುವಾರ ಹುಟ್ಟಿದ ಹೆಣ್ಣಿಗೆ ಯಾ ಅಂತ ಹೆಸರು. ಅಶಾಂತಿ ಕಡೆ ಗುರುವಾರ ಗುದ್ದಲಿ ಮುಟ್ಟುವ ಹಾಗಿಲ್ಲ ಅಂತ ಕೇಳಿದಾಗ ನನಗೆ ಕೆಡ್ಡಸ ನೆನಪಾಯಿತು. ನಮ್ಮಲ್ಲಿ ವರ್ಷಕ್ಕೆ ಮೂರು ದಿನ ಭೂಮಿತಾಯಿಗೆ ರಜೆ, ಅವರಲ್ಲಿ ವಾರಕ್ಕೊಂದು.

ತೋಟ ಮಾಡುವ ಆಸೆಯಿದ್ದರೆ ಇನ್ನೊಂದು ದಾರಿ ಇದೆ, ಪಾಲಿನ ಬೇಸಾಯ. ಅಬುನು ಅಂದರೆ ಎರಡು ಪಾಲು ಮಾಡಿ ಹಂಚಿಕೊಳ್ಳುವುದು, ಅಬುಸಾ ಅಂದರೆ ಮೂರು ಪಾಲು ಮಾಡಿ. ನಾನು ಆ ಕಡೆ ಹೋಗಲಿಲ್ಲ. ಗೇಣಿ ಜಗಳ ನೋಡಿಯೇ ಬೆಳೆದವನು.

ಶೆಡ್ ಮಾಡಿ ದುಡ್ಡು ಬಂತಾ? ಒಡೆಯುವ ಘಟಕದಿಂದ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಾಲದ ಬಡ್ಡಿ ಜಾಸ್ತಿ, ಕರೆಂಟೂ ದುಬಾರಿ. ಸಿಪ್ಪೆ ತೆಗೆಯುವಾಗ ನಮ್ಮೂರ ಹೆಂಗಸರ ಕೈಯಲ್ಲಿ ಇಡಿಯಾಗಿ ಉಳಿಯುವ ತಿರುಳು ಅಲ್ಲಿ ಮೊದಲ ಎರಡು ವರ್ಷ ತುಂಡು ತುಂಡು. ದುಡ್ಡು ಬಂದದ್ದು ಒಣಗಿಸಿ, ಆರಿಸಿ, ಇಟ್ಟದ್ದರಿಂದ.

ಬೀಜ ಬಂದ ಕೂಡಲೇ ಕಟಿಂಗ್ ಟೆಸ್ಟ್ ಮಾಡುತ್ತೇವೆ. ಬೇರೆಬೇರೆ ಚೀಲಗಳಿಂದ ತೆಗೆದು ಬೆರೆಸಿ, 1 ಕೆಜಿ ತೂಗಿ, ಒಂದೊಂದನ್ನೇ ಉದ್ದಕ್ಕೆ ಸೀಳುವುದು. ಒಳ್ಳೆಯ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು ಇನ್ನೊಂದು ಕಡೆ, ಕಪ್ಪಾದದ್ದು ಹೊರಗೆ. ಚುಕ್ಕೆಯದ್ದಕ್ಕೆ ಅರ್ಧ ತೂಕ ಮಾತ್ರ. ಎಲ್ಲ ಸೇರಿ 270 ಗ್ರಾಂ ಬಂದರೆ 80 ಕೆಜಿ ಚೀಲಕ್ಕೆ 47.6 ಪೌಂಡ್ ಅಂತ ಲೆಕ್ಕ. ಇದೇ ಔಟ್‌ಟರ್ನ್. ಇದರಲ್ಲಿ ಎರಡು ಪೌಂಡ್ ಏರಿಳಿದರೆ ಇಡೀ ಹಡಗಿನ ಲಾಭ ಏರಿಳಿಯುತ್ತದೆ. ಹಸಿ ಬೀಜಕ್ಕೆ ಉಗುರು ಇಳಿಯುತ್ತದೆ, ಒಣಗಿದ್ದಕ್ಕೆ ಇಳಿಯುವುದಿಲ್ಲ. ರೈತರ ಮುಂದೆಯೇ ಸೀಳಿ ತೋರಿಸಲು ಶುರು ಮಾಡಿದ ಮೇಲೆ ಒಣ ಬೀಜ ತಾನಾಗಿ ಬರತೊಡಗಿತು. ಅದಕ್ಕೂ ಮುಂಚೆ ತಕ್ಕಡಿಯಲ್ಲಿ ಮೋಸ ಮಾಡಿದ ಖರೀದಿದಾರರನ್ನು ಅವರು ಸಾಕಷ್ಟು ಕಂಡಿದ್ದರು. ಮಾರ್ಚ್-ಏಪ್ರಿಲ್‌ನ ಅಪೂ ಹಬ್ಬದಲ್ಲಿ ಮುಖ್ಯಸ್ಥರನ್ನೂ ಬಾಯಿ ತುಂಬ ಬೈಯಲು ಅವಕಾಶ ಇದೆ. ಒಂದು ವರ್ಷ ಖರೀದಿದಾರರಿಗೂ ಬಿತ್ತು. ನಾನೂ ಅಲ್ಲೇ ನಿಂತು ಕೇಳಿಸಿಕೊಂಡೆ.

2020ರ ಮಾರ್ಚ್‌ನಲ್ಲಿ ಇಲ್ಲಿ ಲಾಕ್‌ಡೌನ್ ಆಯಿತು, ಕಾರ್ಖಾನೆಗಳು ಮುಚ್ಚಿದವು, ಬೆಲೆ ಕುಸಿಯಿತು. ಶೆಡ್ ಇಲ್ಲದಿದ್ದರೆ ಕೊಂಡ ಬೀಜವೆಲ್ಲ ಮಳೆಗೆ ಹೋಗುತ್ತಿತ್ತು. 2022ರ ಕೊನೆಗೆ ಅಲ್ಲಿ ಹಣದುಬ್ಬರ ಶೇ 54 ದಾಟಿತು. ನನ್ನ ಬಾಡಿಗೆ ಸೇಡಿಯಲ್ಲಿ ಬರೆದದ್ದು, ಹಾಗಾಗಿ ನನಗೆ ಹಗುರಾಯಿತು, ಪೀಠದವರಿಗೆ ಏನೂ ಸಿಗದ ಹಾಗಾಯಿತು. ಒಚಿಯಾಮೆ ಬಂದು ಸುಮ್ನೆ ಕೂತರು, ಏನೂ ಕೇಳಲಿಲ್ಲ. ನೀರು ಕೊಟ್ಟು ಬಂದ ವಿಷಯ ಕೇಳಿದೆ. ಆ ವರ್ಷವೇ ಬಾಡಿಗೆ ತಿದ್ದಿ ಬರೆಸಿದೆವು.